ಏಳನೇ ಪಾಠ ಮೂರು ಸಲ ಹೋದದ್ದು

ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿರುವ ಕಂಪ್ಯೂಟರನ್ನು ನಾನು ಟೈಪಿಂಗ್ ಕೆಲಸಕ್ಕೆಂದು ತಂದದ್ದು. ಕಾಲೇಜು ಮಕ್ಕಳ ಪ್ರಬಂಧ, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘದವರ ಮನವಿಪತ್ರ, ಹೀಗೆ ಬಂದದ್ದನ್ನು ಮನೆಯಲ್ಲೇ ಕೂತು ಟೈಪ್ ಮಾಡಿಕೊಡುತ್ತೇನೆ. ಆದರೆ ಅದು ನನ್ನೊಬ್ಬಳದಾಗಿ ಉಳಿದದ್ದು ಮೊದಲ ಎರಡು ತಿಂಗಳು ಮಾತ್ರ.

ಮೊದಲು ನನ್ನ ಗಂಡ ಬಂದು ಕೂತರು. ಅವರು ಹರಿಹರದ ಪಕ್ಕದ ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ. ಮರುದಿನ ಕಡೆಯಬೇಕಾದ ಬಿಡಿಭಾಗದ ಡ್ರಾಯಿಂಗನ್ನು ಹಿಂದಿನ ದಿನವೇ ದೊಡ್ಡ ಪರದೆಯಲ್ಲಿ ನೋಡಿಟ್ಟುಕೊಂಡರೆ ಕೈ ತಪ್ಪುವುದಿಲ್ಲ ಎನ್ನುತ್ತಿದ್ದರು. ನಮ್ಮ ಯಂತ್ರದಲ್ಲಿ ಒಂದು ಡ್ರಾಯಿಂಗ್ ತೆರೆದುಕೊಳ್ಳಲು ಹತ್ತು ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಒಮ್ಮೆ ತೆರೆದದ್ದನ್ನು ಅವರು ಮುಚ್ಚುತ್ತಿರಲಿಲ್ಲ. ಒಂದರ ಹಿಂದೆ ಒಂದು ಆರೇಳು ಡ್ರಾಯಿಂಗ್‌ಗಳು ಸದಾ ತೆರೆದೇ ಇರುತ್ತಿದ್ದವು.

ಅವರ ಹಿಂದೆಯೇ ನಮ್ಮ ಅತ್ತೆ. ಎಪ್ಪತ್ತು ದಾಟಿದವರು, ಹೊಲಗದ್ದೆಯಲ್ಲೇ ಬದುಕು ಸವೆಸಿದವರು. ಅವರಿಗೆ ಪ್ರವಚನ ಕೇಳಲಿಕ್ಕೆಂದು ನಾನೇ ಒಂದು ಪುಟ ತೆರೆದುಕೊಟ್ಟಿದ್ದೆ. ಕೀಲಿಮಣೆಯ ಉದ್ದನೆಯ ಗುಂಡಿ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಶುರುವಾಗುತ್ತದೆ ಎಂಬಷ್ಟನ್ನು ಕಲಿತುಕೊಂಡರು. ಕೆಲವು ದಿನಗಳಾದ ಮೇಲೆ ಅವರ ಪುಟಗಳಲ್ಲಿ ಯಾರದೋ ಮದುವೆಯ ವಿಡಿಯೊ ಒಂದು ಸೇರಿಕೊಂಡಿತ್ತು. ಬಂದಿದ್ದ ನೆಂಟರ ಪೈಕಿ ಯಾರೋ ಹಾಕಿಕೊಟ್ಟಿರಬೇಕು, ನೋಡಿ ಮರೆತಿರಬೇಕು ಅಂದುಕೊಂಡು ನಾನು ಕೇಳಲೂ ಇಲ್ಲ, ಮುಚ್ಚಲೂ ಇಲ್ಲ. ಯಾರದ್ದನ್ನೂ ಇನ್ನೊಬ್ಬರು ಮುಚ್ಚಬಾರದು ಎಂಬುದು ಮಾತಾಡಿಕೊಳ್ಳದೆಯೇ ನಮ್ಮ ಮನೆಯ ಪದ್ಧತಿಯಾಗಿಬಿಟ್ಟಿತ್ತು.

ಹೀಗಿರುವಾಗ ಒಂದು ದಿನ ಗುತ್ತೂರಿನ ಹುಡುಗಿಯೊಬ್ಬಳು ಫೋನ್ ಮಾಡಿದಳು. ಅವಳ ಅಣ್ಣ ನನ್ನ ಗಂಡನ ಜೊತೆ ಕೆಲಸ ಮಾಡುವವನು, ಅವನಿಂದ ನಂಬರು ಪಡೆದಿದ್ದಳು.

"ಅಕ್ಕಾ, ನೀವು ಟೈಪ್ ಮಾಡಿಕೊಡ್ತೀರಂತ ಅಣ್ಣ ಹೇಳಿದ. ನಂಗೆ ಟೈಪು ಬ್ಯಾಡ್ರಿ. ಓದಿಕೊಡ್ತೀರೇನು?"

ಹುಟ್ಟಿನಿಂದ ಅವಳಿಗೆ ಕಣ್ಣು ಕಾಣದು. ಡಿಗ್ರಿ ಮುಗಿಸಿ ಬಿ.ಎಡ್. ಮಾಡಿದ್ದಳು, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂರುವವಳಿದ್ದಳು. ಹಾಸ್ಟೆಲಿನಲ್ಲಿ ಅವಳಿಗೆ ಓದಿ ಹೇಳುತ್ತಿದ್ದ ಗೆಳತಿ ಮದುವೆಯಾಗಿ ದೂರದೂರಿಗೆ ಹೋಗಿದ್ದಳು. ಶೈಕ್ಷಣಿಕ ಮನೋವಿಜ್ಞಾನದ ಕನ್ನಡ ಪುಸ್ತಕವೊಂದು ಅವಳ ಹತ್ತಿರ ಇತ್ತು. ಪುಟಗಳ ಫೋಟೊ ತೆಗೆದು ಫೋನಿನಿಂದಲೇ ಓದಿಸಲು ನೋಡಿದ್ದಳಂತೆ.

"ಒತ್ತಕ್ಷರ ಬಂತು ಅಂದ್ರ ಫೋನಿಗೆ ತಿಳಿಯಂಗಿಲ್ರಿ. 'ವ್ಯಕ್ತಿತ್ವ' ಅನ್ನೋದನ್ನ 'ವಕತತವ' ಅಂತೈತೆ. ಇಡೀ ಪಾಠ ಹಂಗೇ ಕೇಳಿದ್ರ ತಲಿ ತಿರುಗ್ತೈತೆ."

ನಾನು ನಕ್ಕೆ, ಅವಳೂ ನಕ್ಕಳು. ಓದಿಕೊಡುತ್ತೇನೆ ಎಂದೆ. ಶಾಲೆಯಲ್ಲಿದ್ದಾಗ ಮೇಷ್ಟ್ರು ಪಾಠವನ್ನು ಗಟ್ಟಿಯಾಗಿ ಓದಲು ನನ್ನನ್ನೇ ಎಬ್ಬಿಸುತ್ತಿದ್ದರು. ಆಮೇಲೆ ಇಪ್ಪತ್ತೈದು ವರ್ಷಗಳಲ್ಲಿ ಯಾರೂ ನನ್ನನ್ನು ಓದು ಎಂದು ಕೇಳಿರಲಿಲ್ಲ.

ಪುಸ್ತಕ ಅವಳ ಅಣ್ಣನ ಕೈಯಿಂದ ನನ್ನ ಗಂಡನ ಊಟದ ಚೀಲ ಸೇರಿ ನಮ್ಮ ಮನೆಗೆ ಬಂತು. ಹದಿನಾರು ಪಾಠ. ಕಂಪ್ಯೂಟರಿಗೆ ಒಂದು ಸಣ್ಣ ಮೈಕು ಸಿಕ್ಕಿಸಿ, ಧ್ವನಿ ಮುದ್ರಿಸುವ ತಂತ್ರಾಂಶ ಹಾಕಿಸಿಕೊಂಡೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಬೀದಿ ಸ್ವಲ್ಪ ತಣ್ಣಗಿರುತ್ತದೆ, ಆಗ ಓದುವುದು ಎಂದು ನಿಶ್ಚಯವಾಯಿತು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬೆವರು ಒರೆಸಿಕೊಳ್ಳುತ್ತ ಓದುತ್ತಿದ್ದೆ. ಅತ್ತೆ ಹೊರಗೆ ಕಟ್ಟೆಯ ಮೇಲೆ ಕಾವಲು ಕೂರುತ್ತಿದ್ದರು. ತರಕಾರಿ ಗಾಡಿಯವನು ಬೀದಿಯ ತಿರುವಿಗೆ ಬರುವಷ್ಟರಲ್ಲೇ ಕೈಸನ್ನೆ ಮಾಡಿ ಅವನ ಬಾಯಿ ಮುಚ್ಚಿಸುತ್ತಿದ್ದರು. ಬಾಗಿಲಲ್ಲಿ ಆಟೊ ನಿಲ್ಲಿಸಿದವರಿಗೆ, "ಇಂಜಿನ್ ಆರ್ಸಪ್ಪ, ಒಳಗ ಪಾಠ ನಡದೈತೆ" ಎನ್ನುತ್ತಿದ್ದರು.

ಒಂದೊಂದು ಪಾಠ ಮುಗಿದ ಹಾಗೆ ಅದನ್ನು ಅವಳ ಫೋನಿಗೆ ಕಳಿಸುತ್ತಿದ್ದೆ. ಮರುದಿನವೇ ಅವಳ ಕರೆ.

"ಅಕ್ಕಾ, ಎರಡನೇ ಪಾಠದಾಗ ಹಿಂದ ಯಾರೋ ಬೆಳ್ಳುಳ್ಳಿ ಜಜ್ಜತಿದ್ರು ಅಲ್ರಿ?"

"ಹೌದವ್ವ. ನಮ್ಮತ್ತಿ. ಆ ಭಾಗ ತೆಗೀಲೇನು?"

"ಬ್ಯಾಡ್ರಿ, ಇರ್ಲಿ. ನಾ ಒಬ್ಬಾಕಿನ ಕೂತು ಓದಿದಂಗ ಆಗಲ್ಲ."

ಐದನೇ ಪಾಠ ಕೇಳಿದ ಮೇಲೆ, ನಿಮಗೆ ಶೀತ ಆಗಿದೆ, ಕಷಾಯ ಕುಡೀರಿ ಎಂದಳು. ಆರನೆಯದನ್ನು ಕೇಳಿ, ಶೀತ ಹೋತಲ್ರಿ ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ಅರಿತವರಲ್ಲ. ಆದರೂ ಆ ತಿಂಗಳಲ್ಲಿ ನನ್ನ ಆರೋಗ್ಯ, ಬೇಸರ, ಹುಮ್ಮಸ್ಸು ಎಲ್ಲ ಮನೆಯವರಿಗಿಂತ ಮೊದಲು ಅವಳಿಗೇ ಗೊತ್ತಾಗುತ್ತಿತ್ತು.

ಏಳನೇ ಪಾಠ ಕಲಿಕೆಯ ಸಿದ್ಧಾಂತಗಳದ್ದು. ಪುಸ್ತಕದಲ್ಲೇ ಉದ್ದವಾದದ್ದು, ಪರೀಕ್ಷೆಗೆ ಹೆಚ್ಚು ಬೇಕಾದದ್ದೂ ಅದೇ. ಒಂದೇ ಪಟ್ಟಿಗೆ ಓದಿಬಿಡೋಣ ಎಂದು ಕೂತೆ. ಐವತ್ತು ನಿಮಿಷ ಓದಿರಬೇಕು. ಪರದೆಯ ಮೇಲೆ ನನ್ನ ದನಿಯ ಜೊತೆ ಏರಿಳಿಯುತ್ತ ಸಾಗುತ್ತಿದ್ದ ಗೆರೆ ನಿಂತುಬಿಟ್ಟಿತು. ಬಾಣದ ಗುರುತು ಉಂಗುರವಾಗಿ ಸುತ್ತತೊಡಗಿತು. ಆಮೇಲೆ ಒಂದು ಚೌಕದಲ್ಲಿ ಇಂಗ್ಲಿಷಿನ ಸಾಲು ಬಂತು: ಮೆಮೊರಿ ಸಾಲುತ್ತಿಲ್ಲ, ತೆರೆದಿರುವುದನ್ನು ಮುಚ್ಚಿ. ಮುಚ್ಚೋಣವೆಂದರೆ ಬಾಣವೇ ಕದಲದು. ಕಾಲು ಗಂಟೆ ಕಾದು, ಕೊನೆಗೆ ಸಿಪಿಯುವಿನ ಗುಂಡಿಯನ್ನೇ ಒತ್ತಿ ಹಿಡಿದು ಆರಿಸಿದೆ. ಮತ್ತೆ ಶುರು ಮಾಡಿದಾಗ ಅತ್ತೆಯ ಪುಟಗಳು ತಾವಾಗಿಯೇ ಮರಳಿದವು, ಗಂಡ ಡ್ರಾಯಿಂಗ್‌ಗಳನ್ನು ಮತ್ತೆ ತೆರೆದುಕೊಂಡರು, ಏಳನೇ ಪಾಠ ಮಾತ್ರ ಇರಲಿಲ್ಲ.

ಡಿಸ್ಕು ತುಂಬಿರಬೇಕು ಅಂದುಕೊಂಡೆ. ನನ್ನ ಗಂಡನ ಫೋನಿನಿಂದ ಬಂದು ಬಿದ್ದಿದ್ದ ಫೋಟೊಗಳನ್ನೆಲ್ಲ ಒಂದು ದಿನವಿಡೀ ಕೂತು ಪೆನ್‌ಡ್ರೈವಿಗೆ ಸಾಗಿಸಿದೆ. ಎರಡನೇ ಸಲ ಓದಲು ಕೂತೆ. ನಲವತ್ತನೇ ನಿಮಿಷಕ್ಕೆ ಅದೇ ಉಂಗುರ, ಅದೇ ಚೌಕ.

ನನ್ನ ಗಂಡ ಸಿಪಿಯುವನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನ ಮುಂದಿಟ್ಟುಕೊಂಡು ಕೆ.ಬಿ. ಬಡಾವಣೆಯ ರಿಪೇರಿ ಅಂಗಡಿಗೆ ಹೋಗಿಬಂದರು. ಅಂಗಡಿಯವನು ಮುಚ್ಚಳ ತೆಗೆದು ನೋಡಿ, "ಇದು ಹಳೇ ಬೋರ್ಡು ಸಾರ್. ಇದಕ್ಕ ಹಾಕೋ ಮೆಮೊರಿ ಈಗ ಸಿಗಂಗಿಲ್ಲ. ಹೊಸಾದು ತಗೊಂಬಿಡ್ರಿ" ಅಂದನಂತೆ. ಧೂಳು ಹೊಡೆದು ಕೊಟ್ಟು ಕಳಿಸಿದ್ದ.

ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಅವಳು ಅವಸರ ಮಾಡಲಿಲ್ಲ. "ಆದಾಗ ಕಳಿಸ್ರಿ ಅಕ್ಕಾ" ಎನ್ನುತ್ತಿದ್ದಳು. ಆದರೆ ಆ ಮಾತಿನ ಹಿಂದಿನ ಆತಂಕ ನನಗೂ ಕೇಳಿಸುವಷ್ಟು ಕಿವಿ ಈಗ ಪಳಗಿತ್ತು. ಮೂರನೇ ಸಲ ಓದಲು ಕೂತ ದಿನ ನನಗೆ ಸಿಟ್ಟು ಬಂದಿತ್ತು. ಪರದೆಯ ಮೇಲೆ ಇದ್ದದ್ದನ್ನೆಲ್ಲ ಒಂದೊಂದಾಗಿ ಮುಚ್ಚಿದೆ. ಗಂಡನ ಡ್ರಾಯಿಂಗ್ ಹೋದವು. ನನ್ನ ಅರ್ಧ ಟೈಪಾದ ಪ್ರಶ್ನೆಪತ್ರಿಕೆ ಹೋಯಿತು. ಪ್ರವಚನ ಹೋಯಿತು, ಮದುವೆಯ ವಿಡಿಯೊ ಹೋಯಿತು. ಪರದೆ ಬರಿದಾದ ಮೇಲೆ ಓದಲು ಶುರು ಮಾಡಿದೆ.

ಇಪ್ಪತ್ತೆಂಟನೇ ನಿಮಿಷಕ್ಕೆ ಯಂತ್ರ ಮತ್ತೆ ನಿಂತಿತು.

ಗುಂಡಿ ಒತ್ತಿ ಆರಿಸಿ, ಮತ್ತೆ ಹಚ್ಚಿ, ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಅತ್ತೆ ಕಟ್ಟೆಯಿಂದ ಎದ್ದು ಒಳಗೆ ಬಂದಿದ್ದರು. ಓದು ಮುಗಿಯಿತೆಂದು ತಿಳಿದಿರಬೇಕು. ಕುರ್ಚಿಯಲ್ಲಿ ಕೂತು ಉದ್ದನೆಯ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು.

"ಎಲ್ಲಾ ಮುಚ್ಚಿಬಿಟ್ಟೆ ಅತ್ತಿ" ಎಂದೆ.

"ಅದು ಮದುವಿದು?"

"ಅದೂ ಹೋತು."

ಅವರು ಕೀಲಿಮಣೆಯಿಂದ ಕೈ ತೆಗೆದರು. "ಇರ್ಲಿ ಬಿಡವ್ವ" ಅಂದು ಎದ್ದು ಒಳಗೆ ಹೋದರು. ಆ ಸಂಜೆ ಅವರೆಕಾಯಿಯ ಮೊರವನ್ನು ಎಂದಿನಂತೆ ಮುಂದಿನ ಕೋಣೆಗೆ ತರದೆ ಹಿತ್ತಿಲಲ್ಲೇ ಕೂತು ಸುಲಿದರು. ನನ್ನ ಮೇಲೆ ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಮರುದಿನ ಎರಡು ಗಂಟೆಗೆ ನಾನು ಓದುವುದೇ ಇಲ್ಲವೆಂದು ಗೊತ್ತಿದ್ದರೂ ಹೋಗಿ ಕಟ್ಟೆಯ ಮೇಲೆ ಕಾವಲು ಕೂತರು. ಅದನ್ನು ನೋಡಲಾಗಲಿಲ್ಲ.

ನಾನೇ ಹುಡುಗಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಪಾಠ ಮೂರು ಸಲ ಹೋಯಿತು, ಇನ್ನು ಈ ಯಂತ್ರದಲ್ಲಿ ಆಗುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೋ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾಳೆ ನಾ ಬರ್ತೀನ್ರಿ" ಎಂದಳು.

"ನೀನು ಬಂದು ಏನು ಮಾಡ್ತೀಯವ್ವ?"

"ಒಂದ್ಸಲ ನೋಡ್ತೀನಿ."

'ನೋಡ್ತೀನಿ' ಎಂಬ ಮಾತನ್ನು ಅವಳು ನಾವೆಲ್ಲ ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದಳು.

ಅಣ್ಣ ಕರೆದುಕೊಂಡು ಬರುತ್ತಾನೆ ಎಂದುಕೊಂಡಿದ್ದೆ. ಒಬ್ಬಳೇ ಬಸ್ಸಿಗೆ ಬಂದಳು. ನಾನು ಬಸ್ ನಿಲ್ದಾಣದಲ್ಲಿ ಹುಡುಕುತ್ತ, ಹರಿಹರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಒಬ್ಬ ಕಂಡಕ್ಟರನ್ನು ಕೇಳುತ್ತಿದ್ದೆ. ಹತ್ತು ಹೆಜ್ಜೆ ಆಚೆ ಬಿಳಿ ಕೋಲು ಹಿಡಿದು ನಿಂತಿದ್ದ ಹುಡುಗಿ ನನ್ನ ಕಡೆ ತಿರುಗಿದಳು.

"ಅಕ್ಕಾ, ಇಲ್ಲಿದೀನ್ರಿ."

ಹಸಿರು ಚೂಡಿದಾರ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಕ್ಕಿಂತ ಗಿಡ್ಡ. ಸ್ಕೂಟರಿನಲ್ಲಿ ಹಿಂದೆ ಕೂತು ನನ್ನ ಹೆಗಲ ಮೇಲೆ ಕೈಯಿಟ್ಟಳು. ನಾನು ನಿಧಾನವಾಗಿ ಹೊಡೆಯುತ್ತಿರುವುದು ಗೊತ್ತಾಗಿ, "ನಮ್ಮಣ್ಣ ಇನ್ನೂ ಜೋರ್ ಹೊಡೀತಾನ್ರಿ, ಅಂಜಬ್ಯಾಡ್ರಿ" ಎಂದಳು.

ಮನೆಯಲ್ಲಿ ಅತ್ತೆ ಅವಳಿಗೆ ನೀರು ಕೊಟ್ಟು, ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅವಳು ಮೊದಲು ಕೀಲಿಮಣೆಯ ಮೇಲೆ ಬೆರಳಾಡಿಸಿ ಅಳತೆ ಹಿಡಿದಳು. ಚೀಲದಿಂದ ಪೆನ್‌ಡ್ರೈವ್ ತೆಗೆದು, ಸಿಪಿಯುವಿನ ಮೈ ತಡವಿ ಅದರ ಜಾಗ ಹುಡುಕಿ ಸಿಕ್ಕಿಸಿದಳು. ಅದರಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಇತ್ತು. ಅದು ಶುರುವಾದ ಕೂಡಲೇ ನಮ್ಮ ಕಂಪ್ಯೂಟರು ಮೊದಲ ಬಾರಿಗೆ ಮಾತಾಡಿತು. ಎಷ್ಟು ವೇಗ ಎಂದರೆ ನನಗೆ ಒಂದು ಶಬ್ದವೂ ಹಿಡಿಯಲಾಗಲಿಲ್ಲ. ಅವಳು ತಲೆ ಸ್ವಲ್ಪ ವಾಲಿಸಿ ಕೇಳುತ್ತ ಕೆಳಮುಖದ ಬಾಣದ ಗುಂಡಿಯನ್ನು ಒತ್ತುತ್ತ ಹೋದಳು.

"ಅಕ್ಕಾ, ಫೋಟೊ ತಗದ್ರಿ ಅಂದ್ರಲ್ಲ, ಅದ್ರಿಂದ ಏನೂ ಆಗಲ್ರಿ. ಡಿಸ್ಕ್ ಬ್ಯಾರೆ, ಮೆಮೊರಿ ಬ್ಯಾರೆ. ಡಿಸ್ಕ್ ಅಂದ್ರ ಅಟ್ಟ. ಮೆಮೊರಿ ಅಂದ್ರ ಅಡಿಗಿ ಕಟ್ಟಿ. ಕಟ್ಟಿ ಮ್ಯಾಲ ಜಾಗ ಇಲ್ಲ ಅಂದ್ರ ಅಟ್ಟ ಖಾಲಿ ಇದ್ದು ಏನು ಮಾಡ್ತೀರಿ?"

"ಎಲ್ಲಾ ಮುಚ್ಚಿದ್ನಲ್ಲವ್ವ, ಆದ್ರೂ ನಿಂತ್ಬಿಡ್ತು."

"ಕಣ್ಣಿಗೆ ಕಾಣೋದು ಮುಚ್ಚೀರಿ. ಕಾಣದಿರೋವು ಒಳಗ ಓಡ್ತಾ ಅದಾವ. ಇಲ್ಲಿ ಕೇಳ್ರಿ."

ಯಂತ್ರದ ಮಾತಿನ ವೇಗ ತಗ್ಗಿಸಿ ಒಂದೊಂದೇ ಹೆಸರು ಓದಿಸಿದಳು. ವೈರಸ್ ಕಾಯುವ ತಂತ್ರಾಂಶ ಎರಡೆರಡು ಇದ್ದವು, ಒಂದರ ಮೇಲೊಂದು ಕಣ್ಣಿಟ್ಟು ಕೂತಿದ್ದವು. ಕೊರೊನಾ ಕಾಲದಲ್ಲಿ ಯಾರದೋ ಆನ್‌ಲೈನ್ ಮದುವೆ ನೋಡಲು ಹಾಕಿಸಿಕೊಂಡು ಮರೆತದ್ದೊಂದು ದಿನಾ ತಾನಾಗಿಯೇ ಏಳುತ್ತಿತ್ತು. ನನ್ನ ಗಂಡನ ಫೋನಿನ ಫೋಟೊ ಎಳೆದುಕೊಳ್ಳುವ ತಂತ್ರಾಂಶವಂತೂ ನಾನು ಪೆನ್‌ಡ್ರೈವಿಗೆ ಸಾಗಿಸಿದ್ದನ್ನೆಲ್ಲ ಮತ್ತೆ ಮೊದಲಿನಿಂದ ತರಿಸಿಕೊಳ್ಳುತ್ತಿತ್ತು. ಪ್ರತಿಯೊಂದಕ್ಕೂ ನನ್ನನ್ನು ಕೇಳಿ, ಬೇಕೋ ಬೇಡವೋ ತಿಳಿದುಕೊಂಡೇ ನಿಲ್ಲಿಸಿದಳು. ಯಂತ್ರದೊಳಗಿನ ಫ್ಯಾನಿನ ಸದ್ದು ಇಳಿಯಿತು. ಅದನ್ನೂ ಅವಳೇ ಮೊದಲು ಗುರುತಿಸಿದಳು.

ಆಮೇಲೆ ಧ್ವನಿ ಮುದ್ರಿಸುವ ತಂತ್ರಾಂಶ ತೆರೆದಳು. ತೆರೆದಾಗಲೆಲ್ಲ ಬರುವ ಒಂದು ಚೌಕ ಬಂತು. ಮೊದಲ ಸಲ ಯಂತ್ರ ಆರಿಸಿದಂದಿನಿಂದ ಅದು ಬರುತ್ತಿತ್ತು, ನಾನು ಪ್ರತಿ ಸಲವೂ ಏನೋ ತಕರಾರು ಎಂದು ಓದದೆ ಕೊನೆಯ ಗುಂಡಿ ಒತ್ತಿ ದಾಟಿಸುತ್ತಿದ್ದೆ. ಅವಳು ಅದನ್ನು ಪೂರ್ತಿ ಕೇಳಿಸಿಕೊಂಡಳು. ಅವಳ ಮುಖ ಅರಳಿತು.

"ಅಕ್ಕಾ, ಹೋಗಿಲ್ರಿ."

"ಏನು?"

"ಏಳನೇ ಪಾಠ. ಇಲ್ಲೇ ಐತೆ. ಮೂರೂ ಅದಾವ. 'ಅರ್ಧಕ್ಕ ನಿಂತಿದ್ದು ವಾಪಸ್ ಬೇಕೇನು' ಅಂತ ಪಾಪ ದಿನಾ ಕೇಳ್ತೈತೆ ಇದು. ನೀವು 'ಆಮ್ಯಾಲ' ಅಂತ ಒತ್ತೀರಿ."

ನಾನು ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತೆ. ಮೂರನ್ನೂ ತೆರೆದು ಸ್ವಲ್ಪ ಸ್ವಲ್ಪ ಕೇಳಿದಳು. ಮೂರನೆಯದು ಶುರುವಾಗಿ ಎರಡು ವಾಕ್ಯ ಆಗುವಷ್ಟರಲ್ಲಿ ನಿಲ್ಲಿಸಿದಳು.

"ಇದು ಬ್ಯಾಡ್ರಿ. ಇದ್ರಾಗ ನೀವು ಸಿಟ್ಟಾಗೀರಿ."

ಮೊದಲನೆಯದರಲ್ಲಿ ನಲವತ್ತೊಂಬತ್ತು ನಿಮಿಷ ಸರಿಯಾಗಿತ್ತು, ಕೊನೆ ಮಾತ್ರ ಒಡೆದಿತ್ತು. ಅದನ್ನೇ ಇಟ್ಟುಕೊಂಡು ಉಳಿದಷ್ಟನ್ನು ಓದಿ ಸೇರಿಸಿದರಾಯಿತು ಎಂದಳು.

ಅಷ್ಟು ಹೊತ್ತೂ ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದರು. ಈಗ ಮೆಲ್ಲಗೆ ಕೇಳಿದರು. "ಮುಚ್ಚಿದ್ದು ವಾಪಸ್ ಬರ್ತೈತೇನವ್ವ?"

"ಯಾವುದ್ರಿ ಅಜ್ಜಿ?"

ಅತ್ತೆ ನನ್ನ ಕಡೆ ನೋಡಿದರು. ನಾನೇ ಮದುವೆಯ ವಿಡಿಯೊದ ಸಂಗತಿ ಹೇಳಿದೆ. ನೋಡಿದ ಪುಟಗಳ ಹಳೆಯ ಪಟ್ಟಿ ಯಂತ್ರದಲ್ಲಿ ಉಳಿದಿರುತ್ತದೆ, ಹುಡುಕಬಹುದು, ಅದರ ಹೆಸರೇನು ಎಂದು ಹುಡುಗಿ ಕೇಳಿದಳು. ಹೆಸರು ಅತ್ತೆಗೆ ಗೊತ್ತಿರಲಿಲ್ಲ, ನನಗೂ ಇಲ್ಲ. ನೆಂಟರು ಬಂದಾಗಲೆಲ್ಲ ಹಾಕಿ ನೋಡಿದ್ದೂ ಸೇರಿ ನಮ್ಮ ಪಟ್ಟಿಯಲ್ಲಿ ಮದುವೆಯ ವಿಡಿಯೊಗಳು ಇಪ್ಪತ್ತಕ್ಕೂ ಹೆಚ್ಚಿದ್ದವು, ಎಲ್ಲ ಒಂದೇ ತರದ ಹೆಸರಿನವು. ಸೀರೆಯ ಬಣ್ಣ, ಚಪ್ಪರ ಎಂದೆಲ್ಲ ನಾನು ಜ್ಞಾಪಿಸಿಕೊಳ್ಳುತ್ತಿದ್ದೆ. ಅವಳು ಅತ್ತೆಯ ಕಡೆ ತಿರುಗಿದಳು.

"ಅಜ್ಜಿ, ಅದ್ರಾಗ ಮೊದ್ಲು ಏನು ಕೇಳಿಸ್ತಿತ್ತು?"

ಅತ್ತೆ ಯೋಚಿಸಬೇಕಾಗಿರಲಿಲ್ಲ. "ಒಬ್ಬಾವ ಮೈಕಿನಾಗ ಹಲೋ ಹಲೋ ಅಂತಾನ. ಆಮ್ಯಾಲ ಒಂದು ಕೂಸು ಅಳ್ತೈತೆ. ಆಮ್ಯಾಲ ಹೆಣ್ಮಕ್ಕಳು ಸೋಬಾನೆ ಶುರು ಮಾಡ್ತಾರ."

ಒಂದೊಂದನ್ನೇ ತೆರೆದು ಶುರುವಿನ ಸದ್ದು ಕೇಳಿಸುತ್ತ ಹೋದಳು. ಬ್ಯಾಂಡು, ಜನರೇಟರು, ಪುರೋಹಿತರ ಕೆಮ್ಮು. ಅತ್ತೆ ಪ್ರತಿಯೊಂದಕ್ಕೂ ತಲೆಯಾಡಿಸಿ, ಆಮೇಲೆ ನೆನಪಾದವರಂತೆ "ಇದಲ್ಲವ್ವ" ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಹದಿಮೂರನೆಯದೋ ಹದಿನಾಲ್ಕನೆಯದೋ ಇರಬೇಕು, ಒಬ್ಬ ಗಂಡಸು ಹಲೋ ಹಲೋ ಎಂದ. ಕೂಸು ಅತ್ತಿತು.

ಅತ್ತೆ ಹುಡುಗಿಯ ಹೆಗಲ ಮೇಲೆ ಕೈಯಿಟ್ಟರು. ಹೆಂಗಸರ ಸೋಬಾನೆ ಪದ ಶುರುವಾಯಿತು. ಪದ ಎತ್ತಿಕೊಟ್ಟವಳ ದನಿ ಒಂದು ಸ್ವಲ್ಪ ಗೊಗ್ಗರು, ಆದರೆ ಎಲ್ಲರಿಗಿಂತ ಮೇಲೆ ನಿಲ್ಲುವಂಥದ್ದು.

"ಇಕಿ ನನ್ನ ತಂಗಿ" ಎಂದರು ಅತ್ತೆ.

ಎರಡು ವರ್ಷಗಳ ಹಿಂದೆ ತೀರಿಕೊಂಡ ತಂಗಿ. ಮಲೇಬೆನ್ನೂರಿನ ಕಡೆ ಕೊಟ್ಟಿದ್ದರು. ಅವರದೊಂದು ಫೋಟೊ ನಮ್ಮ ಮನೆಯಲ್ಲೂ ಇದೆ, ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು, ಬಿಗಿದ ಮುಖದ್ದು. ದನಿ ಎಲ್ಲೂ ಇರಲಿಲ್ಲ. ನಾನು ಹೊರಗೆ ಹೋದಾಗ ಅತ್ತೆ ಒಂದು ಪದ ಕೇಳಿ ನಿಲ್ಲಿಸುತ್ತಿದ್ದರಂತೆ, ನನ್ನ ಟೈಪಿಂಗಿಗೆ ತೊಂದರೆಯಾದೀತು ಎಂದು ಹೇಳಿರಲಿಲ್ಲವಂತೆ.

"ಹೇಳಬಾರ್ದಿತ್ತೇನ್ರಿ ಅತ್ತಿ" ಎಂದೆ.

"ಏನಂತ ಹೇಳ್ಲವ್ವ, ನಿಂದೂ ಕೆಲಸ ಇರ್ತೈತೆ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಹುಡುಗಿ ಪದ ಮುಗಿಯುವವರೆಗೆ ಕೇಳಿದಳು. ಮುಗಿದ ಮೇಲೆ, "ಭಾಳ ಚಲೋ ಎತ್ತಿಕೊಡ್ತಾರ್ರಿ ಅಜ್ಜಿ" ಎಂದಳು. ಅತ್ತೆ, "ಹೌದವ್ವ, ಊರಾಗೆಲ್ಲ ಇಕಿನ್ನೇ ಕರೀತಿದ್ರು" ಎಂದು ಹೆಮ್ಮೆಯಿಂದ ಹೇಳಿಕೊಂಡರು.

ಆ ವಿಡಿಯೊಗೆ ಹೋಗುವ ಗುರುತೊಂದನ್ನು ಪರದೆಯ ಎಡಮೂಲೆಯಲ್ಲಿ ಕೂರಿಸಿ, ಅತ್ತೆಯ ಬೆರಳು ಹಿಡಿದು ನಾಲ್ಕು ಸಲ ಅಭ್ಯಾಸ ಮಾಡಿಸಿದಳು. ಮುಚ್ಚಿದರೂ ಅದು ಅಲ್ಲೇ ಇರುತ್ತದೆ ಎಂದು ಅತ್ತೆಗೆ ನಂಬಿಕೆ ಬರಲು ಐದನೇ ಸಲ ಬೇಕಾಯಿತು. ನನ್ನ ಗಂಡನಿಗೂ ಡ್ರಾಯಿಂಗುಗಳನ್ನು ಚಿತ್ರವಾಗಿ ಉಳಿಸಿಟ್ಟುಕೊಳ್ಳುವ ದಾರಿ ಹೇಳಿಕೊಟ್ಟಳು. ಚಿತ್ರ ಕ್ಷಣದಲ್ಲಿ ತೆರೆಯುತ್ತದೆ. ಪಾಳಿ ಮುಗಿಸಿ ಬಂದ ಅವರು ಕೈ ಕಟ್ಟಿಕೊಂಡು ವಿದ್ಯಾರ್ಥಿಯಂತೆ ನಿಂತು ಕೇಳಿಸಿಕೊಂಡರು.

ಏಳನೇ ಪಾಠದ ಉಳಿದ ಭಾಗವನ್ನು ಅಂದೇ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಕೇಳುವವರು ಎದುರಿಗಿದ್ದರೆ ಓದುವ ರೀತಿಯೇ ಬೇರೆಯಾಗುತ್ತದೆ. ಅವಳ ಹುಬ್ಬು ಗಂಟಿಕ್ಕಿದಲ್ಲಿ ನಾನು ನಿಧಾನಿಸಿದೆ, ಅವಳು ತಲೆಯಾಡಿಸಿದಲ್ಲಿ ಮುಂದೆ ಹೋದೆ. ಮುಗಿದ ಮೇಲೆ ಅತ್ತೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಕೊಟ್ಟರು. ಅಣ್ಣ ಬಂದು ಕರೆದೊಯ್ದ.

ಉಳಿದ ಒಂಬತ್ತು ಪಾಠಗಳನ್ನು ಎರಡು ವಾರದಲ್ಲಿ ಮುಗಿಸಿದೆ. ಯಂತ್ರ ಒಮ್ಮೆ ಮಾತ್ರ ತಡವರಿಸಿತು. ಪರೀಕ್ಷೆಯ ಕೇಂದ್ರ ದಾವಣಗೆರೆಯಲ್ಲೇ ಇತ್ತು. ಅವಳು ಹೇಳಿದ್ದನ್ನು ಬರೆಯಲು ಒಬ್ಬ ಪಿಯುಸಿ ವಿದ್ಯಾರ್ಥಿನಿ ಬಂದಿದ್ದಳು. ನಾನು ಗೇಟಿನಾಚೆ ಹೊಂಗೆ ಮರದ ಕೆಳಗೆ ಮೂರು ಗಂಟೆ ಕೂತಿದ್ದೆ. ಹೊರಗೆ ಬಂದವಳು ಗಣಿತ ಕೈಕೊಟ್ಟಿತು ಎಂದಳು. ಮನೋವಿಜ್ಞಾನದ ಬಗ್ಗೆ ಕೇಳಿದೆ. "ಅದು ಆತ್ರಿ" ಎಂದಳು, ಅಷ್ಟೆ.

ಆ ಸಲ ಪಾಸಾಗಲಿಲ್ಲ, ನಾಲ್ಕು ಅಂಕ ಕಡಿಮೆ ಬಿದ್ದವು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ತಾನೇ ಮಾಡಿ, ಗಣಿತದ ಪುಸ್ತಕ ಓದಿಕೊಡ್ತೀರೇನು ಎಂದು ಕೇಳಿದಳು. ಗಣಿತವನ್ನು ಗಟ್ಟಿಯಾಗಿ ಓದುವುದು ಹೇಗೆಂದು ಇಬ್ಬರೂ ಸೇರಿ ಕಲಿತೆವು. ಆವರಣ ಶುರು, ಆವರಣ ಮುಗೀತು ಎಂದು ನಾನು ಹೇಳುವುದನ್ನು ಕೇಳಿ ಕೇಳಿ ಅತ್ತೆಗೂ ಬಾಯಿಪಾಠವಾಗಿತ್ತು. ಮುಂದಿನ ಸಲ ಪಾಸಾದಳು. ನೇಮಕಾತಿ ಇನ್ನೂ ಕರೆದಿಲ್ಲ. ಸದ್ಯಕ್ಕೆ ಹರಿಹರದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಕಣ್ಣಿರುವ ಮಕ್ಕಳು ಪರದೆಯಲ್ಲಿ ಬಂದದ್ದನ್ನು ಓದದೆಯೇ ಗುಂಡಿ ಒತ್ತುತ್ತಾರೆ, ಅವರಿಗೆ ಮೊದಲು ಓದುವುದನ್ನೇ ಕಲಿಸಬೇಕಾಗಿದೆ ಎಂದು ಹೋದ ಭಾನುವಾರ ಬಂದಾಗ ಹೇಳುತ್ತಿದ್ದಳು.